ಹುಬ್ಬಳ್ಳಿಯ ಫ್ರೀಡೈವಿಂಗ್ ತರಗತಿ: ಉಸಿರು ಬಿಡುವುದೇ ಮೊದಲ ಪಾಠ

ವಿದ್ಯಾನಗರದ ಈ ಫ್ರೀಡೈವಿಂಗ್ ತರಗತಿಗೆ ಸೇರಬಹುದೇ ಎಂದು ಕೇಳುವವರಿಗೆ ನಮ್ಮ ಉತ್ತರ: ಧಾರಾಳವಾಗಿ ಸೇರಿ. ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಮುಳುಗುವ ಈ ವಿದ್ಯೆಯಲ್ಲಿ ಎಲ್ಲರೂ ಉಸಿರು ಕಟ್ಟುವುದನ್ನು ಕಲಿಯಲು ಬರುತ್ತಾರೆ. ಇಲ್ಲಿನ ಕೋಚ್ ಮೊದಲು ಉಸಿರು ಬಿಡುವುದನ್ನು ಕಲಿಸುತ್ತಾರೆ. ಆ ಕ್ರಮವೇ ಸರಿ.

ಆರು ವಾರದ ತರಬೇತಿಯಲ್ಲಿ ಮೊದಲ ಎರಡು ವಾರ ನೀರಿನ ಮಾತೇ ಇಲ್ಲ. ಹಾಲ್‌ನಲ್ಲಿ ಜಮಖಾನದ ಮೇಲೆ ಅಂಗಾತ ಮಲಗಿಯೇ ಪಾಠ. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಎದೆಯ ಮೇಲೆ. ನಾಲ್ಕು ಸೆಕೆಂಡ್ ಉಸಿರು ಒಳಗೆ, ಎಂಟು ಸೆಕೆಂಡ್ ಹೊರಗೆ, ಎರಡು ಸೆಕೆಂಡ್ ಸುಮ್ಮನೆ. ಹೊಟ್ಟೆಯ ಮೇಲಿನ ಕೈ ಏಳಬೇಕು, ಎದೆಯ ಮೇಲಿನದು ಹೆಚ್ಚು ಅಲುಗಬಾರದು. ಕೆಳಪಕ್ಕೆಲುಬುಗಳು ಎರಡೂ ಬದಿಗೆ ಅಗಲವಾಗುತ್ತಿದ್ದರೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಚೆನ್ನಾಗಿ ಕೆಳಗಿಳಿಯುತ್ತಿದೆ ಎಂದು ತಿಳಿಯಬೇಕು. ಉಸಿರು ನಿಧಾನವಾಗಿ ಹೊರಹೋಗುವಾಗ ನಾಡಿಯೂ ನಿಧಾನವಾಗುತ್ತದೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಅದನ್ನು ಕಣ್ಣೆದುರೇ ತೋರಿಸುತ್ತಾರೆ.

ಮೈ ಸಡಿಲಿಸುವ ಪಾಠದಲ್ಲಿ ಈ ಕೋಚ್ ನಿಜಕ್ಕೂ ಗಟ್ಟಿಗರು. "ರಿಲ್ಯಾಕ್ಸ್ ಆಗ್ರಿ" ಎಂದರೆ ಯಾರ ಮೈಯೂ ಸಡಿಲವಾಗುವುದಿಲ್ಲ. ಇವರು ಹಣೆ, ರೆಪ್ಪೆ, ದವಡೆ, ಕತ್ತು, ಹೆಗಲು, ಬೆರಳು ಎಂದು ಒಂದೊಂದನ್ನೇ ಹಿಡಿಯುತ್ತಾರೆ. ಹೆಚ್ಚಿನವರು ದವಡೆ ಬಿಟ್ಟರೂ ನಾಲಿಗೆಯನ್ನು ಅಂಗುಳಿಗೆ ಒತ್ತಿಕೊಂಡೇ ಇರುತ್ತಾರೆ. ಕೋಚ್ ಗದ್ದದ ಕೆಳಗಿನ ಬಿಗಿ ನೋಡಿಯೇ ಪತ್ತೆಹಚ್ಚಿ "ನಾಲಿಗಿ ಕೆಳಗ ಬಿಡ್ರಿ" ಅನ್ನುತ್ತಾರೆ. ನಾಲಿಗೆ ಇಳಿದ ಕೂಡಲೇ ಕತ್ತು, ಅದರ ಹಿಂದೆ ಹೆಗಲು ಇಳಿಯುತ್ತದೆ. ಬಿಗಿಹಿಡಿದ ಸ್ನಾಯುಗಳು ಸುಮ್ಮನೆ ಆಮ್ಲಜನಕ ಖರ್ಚು ಮಾಡುತ್ತವೆ. ಆದ್ದರಿಂದ ಈ ಸಣ್ಣ ತಿದ್ದುಪಡಿ ನೀರಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ನಮ್ಮ ಕಡೆ ಪ್ರಾಣಾಯಾಮ ಬಲ್ಲವರು ಬಹಳ. ಅವರಿಗೆ ಉಸಿರು ತಡೆಯುವ ಕುಂಭಕ ಸಲೀಸು, ಆದರೆ ಜೋರಾಗಿ ಉಸಿರಾಡುವ ಭಸ್ತ್ರಿಕಾ ಅಥವಾ ಕಪಾಲಭಾತಿ ಮಾಡಿ ಕೂಡಲೇ ಮುಳುಗಿದರೆ ಜೀವಕ್ಕೇ ಕುತ್ತು. ಆರೋಗ್ಯವಂತರ ರಕ್ತದಲ್ಲಿ ಹಿಮೋಗ್ಲೋಬಿನ್ ಆಗಲೇ ಆಮ್ಲಜನಕದಿಂದ ಹೆಚ್ಚುಕಡಿಮೆ ತುಂಬಿರುತ್ತದೆ, ಜೋರಾಗಿ ಉಸಿರಾಡಿ ಹೆಚ್ಚೇನೂ ಸೇರಿಸಲಾಗದು. ಹೊರಹೋಗುವುದು ಕಾರ್ಬನ್ ಡೈಆಕ್ಸೈಡ್ ಮಾತ್ರ. ಉಸಿರು ಬೇಕೆಂದು ಮೈ ಒದ್ದಾಡುವುದು ಮುಖ್ಯವಾಗಿ ಇದು ಏರಿದಾಗ. ಮೊದಲೇ ಅದನ್ನು ಹೊರಹಾಕಿದ್ದರೆ ಒದ್ದಾಟ ತಡವಾಗುತ್ತದೆ, ಅಷ್ಟರೊಳಗೆ ಆಮ್ಲಜನಕ ಇಳಿದು ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪುತ್ತದೆ. ನಾಲ್ಕೈದು ಅಡಿ ನೀರಿನಲ್ಲಿಯೂ ಹೀಗಾಗಬಹುದು. ಈ ತರಗತಿಯಲ್ಲಿ ನೀರಿಗಿಳಿಯುವ ಮುನ್ನ ಎರಡು ಮೂರು ನಿಮಿಷ ಸಹಜ ಉಸಿರಾಟ, ಆಮೇಲೆ ಒಂದು ಪೂರ್ತಿ ನಿಶ್ವಾಸ, ಒಂದು ಆಳವಾದ ಉಸಿರು, ಅಷ್ಟೇ. ಆ ಕೊನೆಯ ಉಸಿರನ್ನೂ ಕಂಠಮಟ್ಟ ತುಂಬಿಸಬಾರದು, ತುಂಬಿಸಿದರೆ ಎದೆ ಬಿಗಿದು ಸಡಿಲಿಸಿದ್ದೆಲ್ಲ ವ್ಯರ್ಥ.

ಮೂರನೆಯ ವಾರದಿಂದ ಮನೆಯಲ್ಲಿ ಅಭ್ಯಾಸ ಮಾಡಲು ಟೇಬಲ್, ಅಂದರೆ ಉಸಿರು ಹಿಡಿಯುವ ಮತ್ತು ವಿರಾಮದ ಸಮಯದ ಪಟ್ಟಿ ಕೊಡುತ್ತಾರೆ. ಎರಡು ನಿಮಿಷ ಉಸಿರು ಹಿಡಿಯಬಲ್ಲವರು ಒಂದೊಂದು ನಿಮಿಷದಂತೆ ಎಂಟು ಸಲ ಹಿಡಿಯಬೇಕು. ಮೊದಲ ಸಲಕ್ಕೆ ಮುಂಚೆ ಎರಡು ನಿಮಿಷ ವಿರಾಮ, ಆಮೇಲೆ ಪ್ರತಿ ಸಲ ಹದಿನೈದು ಸೆಕೆಂಡ್ ಕಡಿತ, ಎಂಟನೆಯದಕ್ಕೆ ಮುಂಚೆ ಹದಿನೈದೇ ಸೆಕೆಂಡ್. ಕಾರ್ಬನ್ ಡೈಆಕ್ಸೈಡ್ ಸಹಿಸುವ ಶಕ್ತಿ ಇದರಿಂದ ಬೆಳೆಯುತ್ತದೆ. ಇದನ್ನು ನೆಲದ ಮೇಲೆಯೇ ಮಾಡಬೇಕು, ಒಬ್ಬರೇ ಇದ್ದಾಗ ನೀರಿನಲ್ಲಿ ಎಂದೂ ಕೂಡದು. ರೊಟ್ಟಿ ಊಟವಾಗಿ ಎರಡು ಮೂರು ತಾಸಾದರೂ ಕಳೆದಿರಬೇಕು, ಹೊಟ್ಟೆ ತುಂಬಿದ್ದರೆ ವಪೆ ಇಳಿಯಲು ಜಾಗವಿರುವುದಿಲ್ಲ. ಇಲ್ಲಿ ನಮ್ಮದೊಂದು ತಕರಾರಿದೆ: ಜೆರಾಕ್ಸ್ ಮಾಡಿದ ಒಂದೇ ಟೇಬಲನ್ನು ಎಲ್ಲರಿಗೂ ಹಂಚುತ್ತಾರೆ. ತೊಂಬತ್ತು ಸೆಕೆಂಡ್ ಹಿಡಿಯುವವರಿಗೂ ಮೂರು ನಿಮಿಷ ಹಿಡಿಯುವವರಿಗೂ ಒಂದೇ ಅಳತೆ ಸಲ್ಲದು. ಪ್ರತಿಯೊಬ್ಬರ ಗರಿಷ್ಠ ಅವಧಿಯ ಅರ್ಧದಷ್ಟನ್ನು ಲೆಕ್ಕ ಹಾಕಿ ಬರೆದುಕೊಡುವುದು ಐದು ನಿಮಿಷದ ಕೆಲಸ.

ಈಜುಕೊಳದ ತರಗತಿಗಳು ಶಿಸ್ತಿನವು. ಇಬ್ಬಿಬ್ಬರ ಜೋಡಿ: ಒಬ್ಬರು ಬೋರಲು ತೇಲಿದರೆ ಇನ್ನೊಬ್ಬರು ಕೈಗೆಟುಕುವಷ್ಟು ಹತ್ತಿರ ನಿಂತು ಕಾಯಬೇಕು. ಗೊತ್ತುಮಾಡಿದ ಹೊತ್ತಿಗೆ ತೋಳು ತಟ್ಟಿದಾಗ ತೇಲುತ್ತಿರುವವರು ಬೆರಳು ಎತ್ತಬೇಕು. ಎತ್ತದಿದ್ದರೆ ಇನ್ನೊಮ್ಮೆ ತಟ್ಟುವುದು, ಆಗಲೂ ಎತ್ತದಿದ್ದರೆ ಮುಖ ನೀರಿನಿಂದ ಮೇಲೆತ್ತಿ ಮಾಸ್ಕ್ ತೆಗೆದು, ಕೆನ್ನೆ ತಟ್ಟಿ, ಕಣ್ಣಿನ ಹತ್ತಿರ ಊದಿ, ಹೆಸರು ಹಿಡಿದು "ಉಸಿರಾಡ್ರಿ" ಎಂದು ಕೂಗುವುದು. ಮೇಲೆ ಬಂದವರು ಒಮ್ಮೆಲೇ ಉಸಿರನ್ನೆಲ್ಲ ಹೊರಚೆಲ್ಲಬಾರದು. ಚುರುಕಾಗಿ ಒಳಗೆಳೆದು, ಒಂದೆರಡು ಸೆಕೆಂಡ್ ತಡೆದು, ಸ್ವಲ್ಪವೇ ಬಿಟ್ಟು ಮತ್ತೆ ಎಳೆಯಬೇಕು, ಹೀಗೆ ಕನಿಷ್ಠ ಮೂರು ಸಲ. ಪ್ರಜ್ಞೆ ತಪ್ಪುವುದು ಎಷ್ಟೋ ಸಲ ಮೇಲೆ ಬಂದ ಮೇಲೆಯೇ, ಏಕೆಂದರೆ ಎಳೆದ ಗಾಳಿಯ ಆಮ್ಲಜನಕ ಮೆದುಳು ಮುಟ್ಟಲು ಕೆಲವು ಸೆಕೆಂಡ್ ಬೇಕು. ಹಾಗಾಗಿ ಇನ್ನೂ ಅರ್ಧ ನಿಮಿಷ ಜೊತೆಗಾರರು ಕಣ್ಣು ಕೀಳುವಂತಿಲ್ಲ. ಇದನ್ನು ಪ್ರತಿ ತರಗತಿಯಲ್ಲೂ, ಬೇಸರ ಬರುವಷ್ಟು ಸಲ ಮಾಡಿಸುತ್ತಾರೆ. ಅದಕ್ಕಾಗಿಯೇ ಇವರ ಮೇಲೆ ನಮಗೆ ಗೌರವ.

ಆದರೆ ಕಿವಿಯ ಒತ್ತಡ ಸರಿದೂಗಿಸುವ ಪಾಠ ಇಲ್ಲಿ ಸಾಕಷ್ಟಿಲ್ಲ. ಹತ್ತು ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟಾಗಿ ಶ್ವಾಸಕೋಶದ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ತಲೆ ಕೆಳಗಾಗಿ ಇಳಿಯುವಾಗ ಹೊಟ್ಟೆಯಿಂದ ಒತ್ತಿ ಕಿವಿಗೆ ಗಾಳಿ ನೂಕುವುದು ಅಲ್ಲಿ ಬಹಳ ಕಷ್ಟ. ಗಂಟಲು ಮುಚ್ಚಿ ನಾಲಿಗೆಯಿಂದ ನೂಕುವ ಫ್ರೆಂಜೆಲ್ ವಿಧಾನವೇ ಬೇಕು. ಅದಕ್ಕೆ ಇಲ್ಲಿ ಒಂದೇ ತರಗತಿ. ಮೂಗು ಹಿಡಿದು ಕಿವಿ ಬಿಡಿಸುವಾಗ ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟು ನೋಡಿ: ಹೊಟ್ಟೆ ಬಿಗಿಯಾದರೆ ಇನ್ನೂ ಹೊಟ್ಟೆಯಿಂದ ಒತ್ತುವ ವಿಧಾನದಲ್ಲೇ ಇದ್ದೀರಿ. ದಿನಾ ಹತ್ತು ನಿಮಿಷ ಮನೆಯಲ್ಲೇ ಅಭ್ಯಾಸ ಮಾಡಬೇಕು. ನೆಗಡಿಯಿದ್ದರೆ ಆ ದಿನ ಇಳಿಯಬೇಡಿ.

ಸೇರುವಾಗ ತುಂಬಿಸಿಕೊಳ್ಳುವ ಆರೋಗ್ಯದ ಫಾರ್ಮ್ ಇಂಗ್ಲಿಷಿನಲ್ಲಿದೆ. ಅಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಕಿವಿಯ ಆಪರೇಷನ್ ಬಗ್ಗೆ ಕೇಳುವ ಪ್ರಶ್ನೆಗಳನ್ನು ಅರ್ಥವಾಗದೆ "ಇಲ್ಲ" ಎಂದು ಗುರುತು ಹಾಕಿ ಕೊಡುವವರು ಇರುತ್ತಾರೆ. ಇದು ಕನ್ನಡದಲ್ಲಿ ಬೇಕೇ ಬೇಕು. "ತಿಂಗಳಲ್ಲಿ ನಾಲ್ಕು ನಿಮಿಷ" ಎಂಬ ಜಾಹೀರಾತನ್ನೂ ತೆಗೆಯಲಿ. ಪಾಠ ಇಷ್ಟು ಜವಾಬ್ದಾರಿಯಿಂದ ನಡೆಯುವಾಗ ಅಂಥ ಆಸೆ ತೋರಿಸುವ ಅಗತ್ಯವಿಲ್ಲ.

ಮಾಸ್ಕ್, ಕಾಲಿಗೆ ಹಾಕುವ ಫಿನ್ ನೀವೇ ತರಬೇಕು. ಈಜುವ ಗಾಗಲ್ಸ್ ಹಾಕಿ ಆಳಕ್ಕೆ ಹೋಗಬೇಡಿ: ಮೂಗು ಹೊರಗಿರುವುದರಿಂದ ಒಳಗೆ ಗಾಳಿ ತುಂಬಲು ದಾರಿಯಿಲ್ಲ, ಕಣ್ಣಿಗೆ ಪೆಟ್ಟಾಗುತ್ತದೆ. ಮೂಗನ್ನು ಒಳಗೊಂಡ, ಒಳಜಾಗ ಕಡಿಮೆಯಿರುವ ಮಾಸ್ಕ್ ಕೊಳ್ಳಿ. ಸರ್ಟಿಫಿಕೇಟ್ ಬೇಕಾದವರಿಗೆ ಈ ತರಗತಿಯೊಂದೇ ಸಾಕಾಗದು. ಅಂತರರಾಷ್ಟ್ರೀಯ ಫ್ರೀಡೈವಿಂಗ್ ಸಂಸ್ಥೆ ಐಡಾದ (AIDA) ಎರಡನೆಯ ಹಂತಕ್ಕೆ ಎರಡು ನಿಮಿಷ ಉಸಿರು ಹಿಡಿಯುವುದನ್ನೂ 40 ಮೀಟರ್ ನೀರೊಳಗೆ ಸಾಗುವುದನ್ನೂ ಕೊಳದಲ್ಲಿ ಮುಗಿಸಬಹುದು, ಆಳದ ಪರೀಕ್ಷೆಗೆ ಬೇರೆಡೆ ಹೋಗಲೇಬೇಕು. ಉಣಕಲ್ ಕೆರೆಯಲ್ಲಿ ಪ್ರಯತ್ನಿಸುವ ವಿಚಾರ ಬೇಡ. ಮಳೆಗಾಲ ಮುಗಿದ ಮೇಲೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವವರು ಇಲ್ಲಿನ ಕೊಳದಲ್ಲಿ ಹೊಂದಿಸಿಕೊಂಡ, ಮುಳುಗಲು ಸೊಂಟಕ್ಕೆ ಕಟ್ಟುವ ತೂಕದ ಬೆಲ್ಟನ್ನೇ ನಂಬಿಕೊಳ್ಳಬಾರದು. ಉಪ್ಪುನೀರು ಹೆಚ್ಚು ಎತ್ತುತ್ತದೆ, ಎಪ್ಪತ್ತು ಕಿಲೋ ಮೈತೂಕದವರಿಗೆ ಸುಮಾರು ಎರಡು ಕಿಲೋ ಹೆಚ್ಚಿಗೆ ಬೇಕಾಗುತ್ತದೆ. ಎಷ್ಟು ಎಂಬುದನ್ನು ಅಲ್ಲಿನ ಕೋಚ್ ಎದುರಿಗೆ, ದಡದ ಹತ್ತಿರದ ನೀರಿನಲ್ಲೇ ಮೊದಲು ಪರೀಕ್ಷಿಸಿಕೊಳ್ಳಿ.