ಹಾಸನದ ಕೋರ್ಟ್ ಬಳಿಯ ಧ್ವನಿ ನಕಲು ಅಂಗಡಿ: ಪೆನ್‌ಡ್ರೈವ್ ಚೊಕ್ಕ, ಪ್ರಮಾಣಪತ್ರ ಹಳೆಯದು

ಶುಂಠಿ ಬೆಳೆಗೆ ಕೊಟ್ಟಿದ್ದ ಜಮೀನಿನ ಗುತ್ತಿಗೆ ಬಾಕಿಗಾಗಿ ಕಳೆದ ವರ್ಷ ಹೂಡಿದ ದಾವೆಯಲ್ಲಿ, ಗುತ್ತಿಗೆದಾರರು ವಾಟ್ಸಾಪ್‌ನಲ್ಲಿ ಕಳಿಸಿದ್ದ ಧ್ವನಿ ಸಂದೇಶಗಳನ್ನು ಹಾಜರುಪಡಿಸಬೇಕಾಗಿತ್ತು. ಹಾಸನದ ನ್ಯಾಯಾಲಯದ ಸಮೀಪ ಟೈಪಿಂಗ್, ಜೆರಾಕ್ಸ್ ಜೊತೆಗೆ ಧ್ವನಿಯನ್ನು ನಕಲು ತೆಗೆದು ಲಿಖಿತ ಪ್ರತಿ ಮಾಡುವ ಕೆಲಸವನ್ನೂ ಮಾಡಿಕೊಡುವ ಅಂಗಡಿಯೊಂದಕ್ಕೆ ಅದನ್ನು ಒಪ್ಪಿಸಿದೆ.

ನಕಲು ತೆಗೆಯುವುದರಲ್ಲಿ ಅವರು ನಿಜಕ್ಕೂ ಪಳಗಿದವರು. ಸಂದೇಶಗಳನ್ನು ತಮ್ಮ ನಂಬರಿಗೆ ಫಾರ್ವರ್ಡ್ ಮಾಡಿಸಿಕೊಳ್ಳದೆ, ನನ್ನ ಫೋನನ್ನೇ ಕೇಬಲ್ಲಿನಿಂದ ಜೋಡಿಸಿ, ಕಡತಗಳನ್ನು ಇದ್ದಂತೆಯೇ ಪೆನ್‌ಡ್ರೈವಿಗೆ ಇಳಿಸಿ, ಮೂಲ ಮತ್ತು ನಕಲು ಎರಡರ ಹ್ಯಾಶ್ ಮೌಲ್ಯವೂ (ಕಡತದ ಬೆರಳಚ್ಚಿನಂಥ ಸಂಕೇತ) ಒಂದೇ ಎಂಬುದನ್ನು ನನ್ನೆದುರಿಗೇ ತೋರಿಸಿದರು. ಕಡತದಲ್ಲಿ ಅರೆಕ್ಷಣದ ಸದ್ದು ಕತ್ತರಿಸಿದರೂ ಈ ಮೌಲ್ಯ ಬದಲಾಗುತ್ತದೆ. ಹಿನ್ನೆಲೆಯಲ್ಲಿದ್ದ ಟ್ರ್ಯಾಕ್ಟರ್ ಸದ್ದನ್ನು ತೆಗೆದುಕೊಡಿ ಎಂದು ಕೇಳಿದ ಇನ್ನೊಬ್ಬ ಗಿರಾಕಿಗೆ ಅವರು ಖಡಾಖಂಡಿತವಾಗಿ ಆಗದು ಎಂದದ್ದು ನನಗೆ ಹಿಡಿಸಿತು. ಧ್ವನಿಮುದ್ರಣ ಸಾಕ್ಷ್ಯವಾಗಬೇಕಾದರೆ ಧ್ವನಿ ಯಾರದೆಂದು ಗುರುತಾಗಬೇಕು, ತಿದ್ದಿರುವ ಸಾಧ್ಯತೆ ಇರಬಾರದು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ರಾಮ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಇಂಥ ಡಿಜಿಟಲ್ ನಕಲಿನ ಜೊತೆ ಕೋರ್ಟಿಗೆ ಕೊಡಬೇಕಾದ ದೃಢೀಕರಣದ ಪ್ರಮಾಣಪತ್ರದ ವಿಷಯದಲ್ಲಿ ಮಾತ್ರ ಅಂಗಡಿ ಹಿಂದೆ ಬಿದ್ದಿದೆ. ಅವರು ಮುದ್ರಿಸಿ ಕೊಟ್ಟದ್ದು 1872ರ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನ ಹಳೆಯ ನಮೂನೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದ್ದು, ಅದರ 63ನೇ ಕಲಮಿನಂತೆ ಅನುಸೂಚಿಯಲ್ಲಿರುವ ನಮೂನೆಗೆ ಎರಡು ಭಾಗಗಳಿವೆ: ಮೊದಲನೆಯದನ್ನು ಸಾಧನದ ಹೊಣೆ ಹೊತ್ತವರು, ಎರಡನೆಯದನ್ನು ತಜ್ಞರು ತುಂಬಿ ಸಹಿ ಮಾಡಬೇಕು, ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಇದನ್ನು ತಿಳಿಸಿದಾಗ ಮಾಲೀಕರು ತಜ್ಞರ ಜಾಗದಲ್ಲಿ ತಾವೇ ಸಹಿ ಹಾಕಲು ಮುಂದಾದರು. ಪಾಟೀ ಸವಾಲಿನಲ್ಲಿ ಅವರ ವಿದ್ಯಾರ್ಹತೆಯ ಪ್ರಶ್ನೆ ಬಂದರೆ ಏನು ಗತಿ ಎಂದು ನಮ್ಮ ವಕೀಲರು ಒಪ್ಪಲಿಲ್ಲ. ನಕಲನ್ನು ಹಾಜರುಪಡಿಸುವವರಿಗೆ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟಿನ 2014ರ ಅನ್ವರ್ ಮತ್ತು 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪುಗಳು ಸಾರಿರುವಾಗ, ಕೋರ್ಟಿನ ಪಕ್ಕದಲ್ಲೇ ಇರುವ ಅಂಗಡಿಗೆ ಈ ಅಸಡ್ಡೆ ಸಲ್ಲದು.

ಅಂಗಡಿಯವರು ಟೈಪ್ ಮಾಡಿಕೊಡುವ ಲಿಖಿತ ಪ್ರತಿಯನ್ನು ಸಹಿ ಮಾಡುವ ಮುನ್ನ ಧ್ವನಿಯ ಜೊತೆ ಸಾಲುಸಾಲಾಗಿ ಓದಿಕೊಳ್ಳಬೇಕು. "ಕೊಡಲ್ಲ ಅಂತ ನಾನ್ಯಾವಾಗ ಅಂದೆ, ಸ್ವಲ್ಪ ತಡೀರಿ" ಎಂಬ ಮಾತು ಅವರ ಕೈಯಲ್ಲಿ "ಬಾಕಿ ಹಣ ಕೊಡಲು ಕಾಲಾವಕಾಶ ಬೇಕು" ಎಂದಾಗಿತ್ತು. ನನಗೆ ಅನುಕೂಲಕರವೇ, ಆದರೆ ಎದುರು ವಕೀಲರು ಧ್ವನಿಯನ್ನು ಹಾಕಿ ಕೇಳಿಸಿದರೆ ಆ ಕಾಗದದ ಜೊತೆಗೆ ನನ್ನ ಮಾತಿನ ಬೆಲೆಯೂ ಹೋಗುತ್ತಿತ್ತು. ತೋರಿಸಿದ ಮೇಲೆ ಆಡಿದ ಮಾತನ್ನೇ ಟೈಪ್ ಮಾಡಿ ಕೊಟ್ಟರು, ಅದಕ್ಕೆ ಹೆಚ್ಚಿನ ಹಣ ಕೇಳಲಿಲ್ಲ. ದರ ನಿಮಿಷದ ಲೆಕ್ಕದಲ್ಲಿ. ಮೊದಲೇ ಹೇಳುತ್ತಾರೆ, ರಸೀದಿಯನ್ನೂ ಕೊಡುತ್ತಾರೆ.