ಹೊಸ ಸೂಜಿಯೋ, ಮಾತ್ರೆಯೋ?

ಶಿವಮೊಗ್ಗದ ಗೆಳೆಯರೊಬ್ಬರು ಕೇಳಿದ್ದರು: ನಶೆಗೆ ಚುಚ್ಚಿಕೊಳ್ಳುವ ಹುಡುಗರಿಗಾಗಿ ನಮ್ಮ ಸಂಘ ಯಾವುದಕ್ಕೆ ಒತ್ತಾಯಿಸಬೇಕು? ಬಳಸಿದ ಸೂಜಿ ಪಡೆದು ಹೊಸದು ಕೊಡುವ ಸೂಜಿ ಬದಲಾವಣೆಗೋ, ನಶೆಯ ಬದಲಿಗೆ ಚಿಕಿತ್ಸೆಯಾಗಿ ಕೊಡುವ ಬುಪ್ರೆನಾರ್ಫಿನ್ ಮಾತ್ರೆಗೋ?

ಕಾನೂನಿನ ಭಯ ಎರಡಕ್ಕೂ ಬೇಡ. 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ನಡೆಸಿದರೆ ಇವು ಅಪರಾಧವಲ್ಲ. ಆದರೆ ನಶೆ ಪದಾರ್ಥ ಇಟ್ಟುಕೊಂಡರೆ 1985ರ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆ ಇದ್ದೇ ಇದೆ.

ಎಷ್ಟು ದೂರ ಹೋಗಬೇಕು ಎಂಬ ಲೆಕ್ಕವೇ ನಮಗೆ ಜಾಸ್ತಿ ಮುಖ್ಯ, ಅಲ್ವಾ? ಮಾತ್ರೆಗೆ ಸಾಮಾನ್ಯವಾಗಿ ದಿನಾ ಚಿಕಿತ್ಸಾ ಕೇಂದ್ರಕ್ಕೆ ಹೋಗಿ, ಸಿಬ್ಬಂದಿ ಎದುರೇ ನಾಲಿಗೆ ಕೆಳಗಿಟ್ಟು ಕರಗಿಸಬೇಕು. ಪೇಟೆಯವರಿಗೆ ಸರಿ. ಜುಲೈ ಮಳೆಯಲ್ಲಿ ಆಗುಂಬೆಯಿಂದ ಯಾರು ಬರುತ್ತಾರೆ? ಸೂಜಿಯನ್ನು ಕಾರ್ಯಕರ್ತರೇ ಚೀಲದಲ್ಲಿ ಒಯ್ಯಬಹುದು, ಬಳಸಿದ್ದನ್ನು ವಾಪಸ್ ತರಬಹುದು.

ಸೂಜಿ ಚಟ ಬಿಡಿಸುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಸಿ ಹರಡುವುದನ್ನು ತಗ್ಗಿಸುತ್ತದೆ, ಅಷ್ಟೇ. ಮಾತ್ರೆ ಚುಚ್ಚಿಕೊಳ್ಳುವುದನ್ನೇ ಕಡಿಮೆ ಮಾಡುತ್ತದೆ, ಆದರೆ ಹೆರಾಯಿನ್‌ನಂಥ ಅಫೀಮು ಜಾತಿಯ ಚಟಕ್ಕೆ ಮಾತ್ರ. ಬಿಡಲು ಮನಸ್ಸಿದ್ದವರಿಗೆ ಮಾತ್ರೆ, ಇನ್ನೂ ಇಲ್ಲದವರಿಗೆ ಸೂಜಿ.