ಒಂದೇ ಪಾಸ್‌ವರ್ಡ್‌ನಲ್ಲಿ ಇಡೀ ಆಸ್ಪತ್ರೆ: ಕೊಡಗಿನವರು ದಯವಿಟ್ಟು ಓದಿ

ಆಸ್ಪತ್ರೆಗೆ ಹೋಗುವ ಮೊದಲು ವೈದ್ಯರು ಹೇಗೆ, ಖರ್ಚೆಷ್ಟು ಎಂದು ಎಲ್ಲರೂ ವಿಚಾರಿಸುತ್ತಾರೆ. ನಮ್ಮ ಕಡತವನ್ನು ಅಲ್ಲಿ ಯಾರೆಲ್ಲ ತೆರೆದು ಓದಬಹುದು ಎಂದು ಕೇಳುವವರಿಲ್ಲ. ನಮ್ಮ ಮನೆಗೆ ಬಂದ ಕಷ್ಟ ಇನ್ನೊಬ್ಬರಿಗೆ ಬರಬಾರದೆಂದು, ತಂಗಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಅವಳು ಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದಳು. ಔಷಧಿ ಹಿಡಿದಿತ್ತು, ನಿದ್ದೆ ಬರುತ್ತಿತ್ತು, ಮತ್ತೆ ತೋಟದ ಲೆಕ್ಕ ಬರೆಯಲು ಕುಳಿತಿದ್ದಳು. ಅಷ್ಟರಲ್ಲಿ ದೂರದ ಸಂಬಂಧಿಕರೊಬ್ಬರು ಮದುವೆ ಮನೆಯಲ್ಲಿ ಅಮ್ಮನ ಬಳಿ ಬಂದು, ಮಾತ್ರೆಯ ಹೆಸರನ್ನೇ ಹೇಳಿ, "ಅದನ್ನು ಇನ್ನೂ ನಿಲ್ಲಿಸಿಲ್ಲವಾ?" ಎಂದು ಕೇಳಿದರು. ಮಾತ್ರೆಯ ಹೆಸರು ಸಂಬಂಧಿಕರಿಗೆ ನಾವು ಹೇಳಿದ್ದಲ್ಲ. ಅದು ಕಡತದಲ್ಲಿತ್ತು.

ಆಸ್ಪತ್ರೆಗೆ ಹೋಗಿ, ಕಡತವನ್ನು ಯಾರು ಯಾವಾಗ ತೆರೆದರು ಎಂಬ ದಾಖಲೆ ಕೊಡಿ ಎಂದೆವು. ಮುದ್ರಿಸಿ ಕೊಟ್ಟರು. ಪ್ರತಿ ಸಾಲಿನಲ್ಲೂ ಒಂದೇ ಹೆಸರು: 'ರಿಸೆಪ್ಷನ್'. ನೋಂದಣಿ, ಬಿಲ್ಲು, ಪ್ರಯೋಗಾಲಯ, ಔಷಧಿ ಅಂಗಡಿ, ಎಲ್ಲರೂ ಬಳಸುತ್ತಿದ್ದುದು ಒಂದೇ ಲಾಗಿನ್. ಪಾಸ್‌ವರ್ಡ್ ಬರೆದ ಚೀಟಿ ಕೌಂಟರಿನ ಗಾಜಿನ ಕೆಳಗೆ ಎಲ್ಲರಿಗೂ ಕಾಣುವಂತಿತ್ತು. ಬಿಲ್ಲು ಬರೆಯುವವರಿಗೆ ಬೇಕಾದದ್ದು ಮೊತ್ತ. ಆದರೆ ಮನೋವೈದ್ಯರು ಬರೆದ ಟಿಪ್ಪಣಿಯೂ ಅದೇ ಪರದೆಯಲ್ಲಿ ತೆರೆಯುತ್ತಿತ್ತು. ಹೀಗಿರುವಾಗ ತಪ್ಪು ಮಾಡಿದವರನ್ನು ಹಿಡಿಯುವುದು ಹೇಗೆ? ಪ್ರತಿ ಬಳಕೆದಾರರಿಗೂ ಪ್ರತ್ಯೇಕ ಗುರುತು, ಕೆಲಸಕ್ಕೆ ತಕ್ಕಷ್ಟೇ ಪ್ರವೇಶ, ತೆರೆದದ್ದಕ್ಕೆಲ್ಲ ದಾಖಲೆ ಇರಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ 2016ರ ವಿದ್ಯುನ್ಮಾನ ಆರೋಗ್ಯ ದಾಖಲೆ ಮಾನದಂಡಗಳೇ ಹೇಳುತ್ತವೆ.

ನಮ್ಮಂಥ ಪುಟ್ಟ ಜಿಲ್ಲೆಯಲ್ಲಿ ಇದು ಇನ್ನೂ ಅಪಾಯ. ಮನೆತನದ ಹೆಸರು, ಊರು, ಇವೆರಡಿದ್ದರೆ ಸಾಕು, ರೋಗಿ ಯಾರ ಮಗಳು ಎಂಬುದು ಮಡಿಕೇರಿಯಿಂದ ವಿರಾಜಪೇಟೆಯವರೆಗೆ ತಿಳಿಯುತ್ತದೆ. ಬಂದಿದ್ದ ಸಂಬಂಧವೊಂದು ಮುರಿಯಿತು. ಅದರ ನೋವು ಅಷ್ಟಿಲ್ಲ. ತಂಗಿ ಆಸ್ಪತ್ರೆಗೆ ಹೋಗುವುದನ್ನೂ ಮಾತ್ರೆಯನ್ನೂ ನಿಲ್ಲಿಸಿಬಿಟ್ಟಳು; ಕಾಯಿಲೆ ಮರುಕಳಿಸಿತು. ಆ ಸಂಕಟವನ್ನು ನಾನು ಕ್ಷಮಿಸಲಾರೆ. ಈಗ ಮೈಸೂರಿನಲ್ಲಿ ತೋರಿಸುತ್ತಿದ್ದೇವೆ.

ದಾಖಲಾಗುವ ಮೊದಲೇ ಕೇಳಿ: ಸಿಬ್ಬಂದಿಗೆ ಬೇರೆ ಬೇರೆ ಲಾಗಿನ್ ಇದೆಯೇ? ವೈದ್ಯರ ಟಿಪ್ಪಣಿಯನ್ನು ಯಾರು ನೋಡಬಹುದು? ವರದಿಗಳನ್ನು ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆಯೇ? ಕೇಳಿದರೆ ಮುಖ ಸಿಂಡರಿಸುವವರಿದ್ದಾರೆ, ಕೇಳಲೇಬೇಕು. ಆಭಾ ಸಂಖ್ಯೆ, ಅಂದರೆ ನಮ್ಮ ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ ಸರ್ಕಾರಿ ಗುರುತಿನ ಸಂಖ್ಯೆ, ಜೋಡಿಸುವಾಗ ಮೊಬೈಲಿಗೆ ಬಂದ ಒಟಿಪಿಯನ್ನು ಅವಸರದಲ್ಲಿ ಓದಿ ಹೇಳಬೇಡಿ. ಯಾವ ದಾಖಲೆ, ಎಷ್ಟು ಕಾಲಕ್ಕೆ ಎಂದು ನೋಡಿ ಒಪ್ಪಿಗೆ ಕೊಡಿ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂಬಹುದು.

ಕಾನೂನು ನಮ್ಮ ಪರವಾಗಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೇ ಕಲಂ ಗೋಪ್ಯತೆಯನ್ನು ರೋಗಿಯ ಹಕ್ಕು ಎನ್ನುತ್ತದೆ. ಎಚ್‌ಐವಿ ಸೋಂಕಿತರ ಮಾಹಿತಿಗೆ ಅದೇ ವರ್ಷದ ಪ್ರತ್ಯೇಕ ಕಾಯ್ದೆಯ ರಕ್ಷಣೆಯಿದೆ. ಖಾಸಗಿ ಆಸ್ಪತ್ರೆಗಳ ವಿರುದ್ಧದ ದೂರನ್ನು ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಕೊಡಬಹುದು. ದೂರು ಲಿಖಿತವಾಗಿರಲಿ, ಸ್ವೀಕೃತಿ ಪಡೆಯಿರಿ. ನಾವು ಕೊಟ್ಟ ದೂರಿನ ಜೊತೆ ಆ 'ರಿಸೆಪ್ಷನ್' ಪಟ್ಟಿಯನ್ನೂ ಲಗತ್ತಿಸಿದ್ದೇವೆ.